ಎಲೆಗೇನೂ ಕೊರತೆಯಿರಲಿಲ್ಲ

ಕಳೆದ ವಾರ ನಮ್ಮ ಹಿತ್ತಿಲಿನ ಮಾವಿನ ಮರದಿಂದ ಕೊನೆಯ ಕಾಯಿಯನ್ನು ಇಳಿಸಿದೆವು. ಅಳಿಲು ಕಚ್ಚಿದ್ದನ್ನೂ ಸೇರಿಸಿದರೆ ಒಟ್ಟು 61. ತೋಟ ಇಟ್ಟುಕೊಂಡವರಿಗೆ ಇದು ಒಂದು ಕೊಂಬೆಯ ಲೆಕ್ಕ. ನನಗೆ ಒಂಬತ್ತು ವರ್ಷದ ಲೆಕ್ಕ. ಈ ಒಂಬತ್ತು ವರ್ಷದಲ್ಲಿ ನಾನು ಮಾಡದ ತಪ್ಪಿಲ್ಲ. ಮಾಡಿದ ಮೇಲೂ ತಪ್ಪೆಂದು ಗೊತ್ತಾಗದೆ ಮತ್ತೆ ಮಾಡಿದವೂ ಇವೆ. ನಿಮ್ಮ ಹಿತ್ತಿಲಿನಲ್ಲೂ ಸೊಂಪಾಗಿ ಬೆಳೆದು ಕಾಯಿ ಮಾತ್ರ ಬಿಡದ ಮರವೊಂದಿದ್ದರೆ, ಅದನ್ನು ಕಡಿಯುವ ಮೊದಲು ಇದನ್ನು ಓದಿ.

ಮನೆ ಕಟ್ಟಿಸಿದ ವರ್ಷವೇ ನಾಲ್ಕು ಗಿಡ ತಂದೆವು: ಒಂದು ಕಸಿ ಮಾವು, ಒಂದು ಕಸಿ ಮೂಸಂಬಿ, ಒಂದು ಸೀಬೆ, ಒಂದು ಸೀತಾಫಲ. ನರ್ಸರಿಯಲ್ಲಿ ನಾನು ಆರಿಸಿದ್ದು ಅತಿ ಎತ್ತರದ, ಅತಿ ಹೆಚ್ಚು ಎಲೆಯಿದ್ದ ಗಿಡಗಳನ್ನು. ಮಾವಿನ ಗಿಡದಲ್ಲಿ ಆಗಲೇ ಎರಡು ಮಿಡಿ ನೇತಾಡುತ್ತಿದ್ದವು. ಅದನ್ನು ನೋಡಿಯೇ ಮರುಳಾದೆ. ಚೀಲದಲ್ಲಿರುವ ಗಿಡದಲ್ಲಿ ಮಿಡಿ ಇದೆಯೆಂದರೆ ಅದು ಫಲವತ್ತಾದ ಗಿಡವೆಂದು ಅರ್ಥವಲ್ಲ. ಆ ಗಿಡ ಚೀಲದಲ್ಲೇ ಹೆಚ್ಚು ಕಾಲ ಕಳೆದಿದೆ ಎಂದೂ ಆಗಿರಬಹುದು. ನಮ್ಮದು ಹಾಗೆಯೇ ಆಗಿತ್ತು. ಚೀಲ ಹರಿದಾಗ ಬೇರುಗಳು ಬುಟ್ಟಿ ಹೆಣೆದಂತೆ ಸುತ್ತಿಕೊಂಡಿದ್ದವು. ಹೊರಗಿನ ಆ ಸುತ್ತನ್ನು ಕತ್ತರಿಸಿ ಬಿಡಿಸಬೇಕಿತ್ತು. 'ಪಾಪ, ನೋವಾಗುತ್ತದೆ' ಎಂದುಕೊಂಡು ಹಾಗೆಯೇ ನೆಟ್ಟೆ.

ನೆಡುವಾಗ ಇನ್ನೊಂದು ಅವಾಂತರವಾಯಿತು. ಗಾಳಿಗೆ ಬೀಳದಿರಲೆಂದು ನಾಲ್ಕೂ ಗಿಡಗಳನ್ನು ಆಳವಾಗಿ ಹೂತೆ. ಮೂಸಂಬಿಯ ಕಸಿ ಗಂಟು, ಅಂದರೆ ಕೆಳಗಿನ ಗಿಡಕ್ಕೆ ಮೇಲಿನ ಮೂಸಂಬಿಯನ್ನು ಕೂಡಿಸಿದ ಜಾಗ, ಮಣ್ಣಿನಿಂದ ನಾಲ್ಕು ಬೆರಳಷ್ಟೇ ಮೇಲಿತ್ತು. ಅದರ ಮೇಲೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ನೋಡಿದ ನೆನಪೂ ಇದೆ. ಗಾಯಕ್ಕೆ ಕಟ್ಟಿದ ಬ್ಯಾಂಡೇಜಿನ ಹಾಗೆ ಕಂಡಿತು; ಗಿಡದ ಒಳ್ಳೆಯದಕ್ಕೇ ಕಟ್ಟಿರುತ್ತಾರೆ, ಇರಲಿ ಎಂದು ಬಿಟ್ಟೆ. ಈ ಪಟ್ಟಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡನೆಯ ವರ್ಷ ಮೂಸಂಬಿ ಒಣಗತೊಡಗಿತು. ತುದಿಯಿಂದ ಆರಂಭವಾಗಿ ಕೆಳಗೆ ಇಳಿಯಿತು. ಎರಡು ವಾರ ಊಟ ಸೇರಲಿಲ್ಲ ಎಂದರೆ ನಗಬೇಡಿ, ನಾಲ್ಕರಲ್ಲಿ ನನಗೆ ಹೆಚ್ಚು ಪ್ರೀತಿ ಅದರ ಮೇಲಿತ್ತು. ಆಮೇಲೊಂದು ಬೆಳಿಗ್ಗೆ ಬುಡದಿಂದ ಹಸಿರು ಚಿಗುರೊಂದು ಕಾಣಿಸಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಒಣಗಿದ ಕಡ್ಡಿಯನ್ನು ಕತ್ತರಿಸಿ, ಆ ಚಿಗುರನ್ನು ಮಗುವಿನಂತೆ ಸಾಕಿದೆ. ಅದೂ ಅಷ್ಟೇ ಚೆನ್ನಾಗಿ ಬೆಳೆಯಿತು. ಮೈತುಂಬ ಉದ್ದುದ್ದ ಮುಳ್ಳುಗಳಿದ್ದವು, ಅಷ್ಟೇ.

ಮೂರನೆಯ ವರ್ಷದಿಂದ ನಿಜವಾದ ಕಾಯುವಿಕೆ. ಕಸಿ ಮಾವು ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ, ಬೀಜದಿಂದ ಬೆಳೆದದ್ದಾದರೆ ಅದರ ದುಪ್ಪಟ್ಟು ಕಾಲ ಬೇಕು ಎಂದು ಕೇಳಿದ್ದೆ. ನಾಲ್ಕನೆಯ ವರ್ಷ ಹೂ ಬಂತು. ಎಂಟು ಗೊಂಚಲುಗಳಿದ್ದವು, ದಿನವೂ ಎಣಿಸುತ್ತಿದ್ದೆ. ಹದಿನೈದು ದಿನದಲ್ಲಿ ಎಂಟೂ ಕಪ್ಪಾಗಿ ಒಣಗಿ, ಬೆರಳು ತಾಗಿದರೆ ಪುಡಿಯಾಗುವಂತಾದವು. ಒಂದು ಮಿಡಿಯೂ ನಿಲ್ಲಲಿಲ್ಲ.

ಮರಕ್ಕೆ ಶಕ್ತಿ ಸಾಲುತ್ತಿಲ್ಲ ಎಂಬುದು ನಾನು ಕಂಡುಕೊಂಡ ಕಾರಣ. ಅಲ್ಲಿಂದ ಆರಂಭವಾಯಿತು ನೋಡಿ ಉಪಚಾರ. ತಿಂಗಳಿಗೊಮ್ಮೆ ಯೂರಿಯಾ. ಕೋಳಿ ಗೊಬ್ಬರ ಮೂಟೆಗಟ್ಟಲೆ. ಸೌದೆ ಒಲೆಯ ಬೂದಿ ವಾರಕ್ಕೊಂದು ಬುಟ್ಟಿ. ನೀರಂತೂ ಕೇಳಬೇಡಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ವರ್ಷದ ಎಲ್ಲ ಕಾಲದಲ್ಲೂ. ಐದನೆಯ ವರ್ಷ ಮಾವಿನ ಮರ ನೋಡಿದವರು ನಿಂತು ನೋಡುವಂತಾಯಿತು. ಒಂದೊಂದು ಎಲೆಯೂ ಮೊಳದುದ್ದ, ಕಡು ಹಸಿರು. ಹೂ ಮಾತ್ರ ಒಂದೂ ಇಲ್ಲ. ಹೂ ಬರಬೇಕಾದ ಕಾಲಕ್ಕೆ ಪ್ರತಿ ತುದಿಯಲ್ಲೂ ತಾಮ್ರದ ಬಣ್ಣದ ಎಳೆ ಚಿಗುರು ಬಂದು ನಿಂತಿತು. ನಾನು ಅದನ್ನು ನೋಡಿ ಖುಷಿಪಟ್ಟೆ. ನಾಚಿಕೆಯಾದರೂ ಹೇಳಿಬಿಡುತ್ತೇನೆ, ಆ ಚಿಗುರಿನ ಫೋಟೊ ತೆಗೆದು ನೆಂಟರಿಗೆಲ್ಲ ಕಳುಹಿಸಿದ್ದೆ.

ಆರನೆಯ ವರ್ಷದ್ದು ನನಗೆ ಅತಿ ಹೆಚ್ಚು ಬೇಸರ ತರುವ ಕಥೆ. ಆ ವರ್ಷ ಹೂ ಚೆನ್ನಾಗಿಯೇ ಬಂದಿತ್ತು. ಗೊಂಚಲುಗಳ ಕೆಳಗೆ ನಿಂತರೆ ಸಣ್ಣ ಮಳೆ ಬಿದ್ದಂತೆ ಟಪಟಪ ಸದ್ದು. ಜಿಗಿಹುಳುಗಳು ಹಾರುವ ಸದ್ದು ಅದು. ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಮಸಿ. ಹೆದರಿ ಕೀಟನಾಶಕ ತಂದು, ಹೂವೆಲ್ಲ ಅರಳಿ ನಿಂತಿದ್ದಾಗ, ಹಗಲು ಹನ್ನೊಂದು ಗಂಟೆಗೆ, ಮರ ತೊಯ್ಯುವಂತೆ ಸಿಂಪಡಿಸಿದೆ. ಜಿಗಿಹುಳು ಸತ್ತವು. ಅವುಗಳ ಜೊತೆಗೆ ನೆಲದ ಮೇಲೆ ನೂರಾರು ಸಣ್ಣ ನೊಣಗಳು, ನಾಲ್ಕೈದು ಜೇನು. ನೊಣ ಸತ್ತದ್ದಕ್ಕೆ ಯಾರಾದರೂ ಮರುಗುತ್ತಾರೆಯೇ? ಮಾವಿಗೆ ಪರಾಗಸ್ಪರ್ಶ ಮಾಡುವವರಲ್ಲಿ ಜೇನಿಗಿಂತ ನೊಣಗಳ ಪಾಲೇ ದೊಡ್ಡದು ಎಂದು ತಿಳಿದದ್ದು ಎರಡು ವರ್ಷದ ನಂತರ. ಆ ಸಲ ಹಿಡಿದದ್ದು ಮೂರೇ ಮೂರು ಕಾಯಿ. ಗೊಂಚಲುಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಇದ್ದ ಬಿಳಿ ಪುಡಿಯನ್ನು ಧೂಳೆಂದುಕೊಂಡಿದ್ದೆ. ಅದು ಬೂದಿರೋಗ. ನಾಲ್ಕನೆಯ ವರ್ಷದ ಎಂಟು ಗೊಂಚಲುಗಳೂ ಬಹುಶಃ ಅದಕ್ಕೇ ಬಲಿಯಾಗಿದ್ದವು.

ಈ ನಡುವೆ ಉಳಿದ ಮೂರರ ಸ್ಥಿತಿ: ಸೀಬೆ ಮಾಳಿಗೆಯೆತ್ತರಕ್ಕೆ ಹೋಗಿ, ಕೈಗೆಟುಕದ ತುದಿಯಲ್ಲಿ ವರ್ಷಕ್ಕೆ ಏಳೆಂಟು ಕಾಯಿ ಬಿಟ್ಟು ಗಿಳಿಗಳಿಗೆ ಕೊಡುತ್ತಿತ್ತು. ಸೀತಾಫಲ ನೂರಾರು ಹೂ ಬಿಟ್ಟು ಎಲ್ಲವನ್ನೂ ಉದುರಿಸಿ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊಟ್ಟಗಾದ ಎರಡೋ ಮೂರೋ ಕಾಯಿ ಉಳಿಸಿಕೊಳ್ಳುತ್ತಿತ್ತು. ಮೂಸಂಬಿಯ ಎಲೆಗಳಲ್ಲಿ ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ನಾಲ್ಕೂ ಮರಕ್ಕೆ ನಾನು ಕೊಡುತ್ತಿದ್ದದ್ದು ಒಂದೇ ಔಷಧಿ: ಇನ್ನಷ್ಟು ಗೊಬ್ಬರ, ಇನ್ನಷ್ಟು ನೀರು. ಆ ಹೊತ್ತಿಗೆ ಗೊಬ್ಬರ, ಔಷಧಿ, ಸಿಂಪಡಿಸುವ ಯಂತ್ರ ಎಂದು ಖರ್ಚು ಮಾಡಿದ್ದನ್ನು ಕೂಡಿಸಿದರೆ, ಅಷ್ಟೂ ವರ್ಷ ಮನೆಗೆ ಬೇಕಾದ ಹಣ್ಣನ್ನು ಕೊಂಡೇ ತಿಂದು ಹಣ ಉಳಿಸಬಹುದಿತ್ತು. ಮನೆಯವರು ಈ ಮಾತನ್ನು ನನಗಿಂತ ಮೊದಲೇ ಹೇಳಿದ್ದರು.

ಏಳನೆಯ ವರ್ಷ, ಕೊನೆಗೂ, ಮಣ್ಣು ಪರೀಕ್ಷೆ. ಇದನ್ನು ಮೊದಲ ವರ್ಷವೇ ಮಾಡಿಸಬೇಕಿತ್ತು. ಒಂದು ಮೂಟೆ ಗೊಬ್ಬರಕ್ಕಿಂತ ಅಗ್ಗ. ಆದರೆ ಅದರಲ್ಲೂ ನಾನು ಮುಗ್ಗರಿಸಿದೆ. ಮಾವಿನ ಬುಡದ ಪಕ್ಕದಲ್ಲೇ ಮೇಲಿನ ಮಣ್ಣನ್ನು ಒಂದು ಹಿಡಿ ಬಾಚಿ, ಖಾಲಿಯಾಗಿದ್ದ ರಸಗೊಬ್ಬರದ ಚೀಲದಲ್ಲಿ ತುಂಬಿ ಒಯ್ದೆ. ಅರ್ಜಿಯಲ್ಲಿ 'ಬೆಳೆ' ಎಂಬ ಜಾಗದಲ್ಲಿ ನಾಲ್ಕು ಹೆಸರು ಬರೆದೆ. ಆಳ ಎಷ್ಟು, ಕೊನೆಯ ಸಲ ಗೊಬ್ಬರ ಹಾಕಿದ್ದು ಯಾವಾಗ ಎಂಬ ಜಾಗಗಳನ್ನು ಖಾಲಿ ಬಿಟ್ಟೆ. ಮೂರು ವಾರದ ನಂತರ ಬಂದ ವರದಿಯಲ್ಲಿ ಅಂಕಿಗಳು ಎಷ್ಟು ವಿಪರೀತವಾಗಿದ್ದವೆಂದರೆ, ಅಲ್ಲಿದ್ದವರೇ 'ಮಣ್ಣು ಕೊಟ್ಟಿರೋ, ಗೊಬ್ಬರ ಕೊಟ್ಟಿರೋ?' ಎಂದು ಕೇಳಿದರು.

ಎರಡನೆಯ ಸಲ ಸರಿಯಾಗಿ ಮಾಡಿದೆ. ನೀವು ಮೊದಲ ಸಲವೇ ಹೀಗೆ ಮಾಡಿ. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಕಳೆದಿರಲಿ. ಕಾಂಡದಿಂದ ದೂರ, ಕೊಂಬೆಗಳ ಹರಹು ಮುಗಿಯುವ ಕಡೆ ನಾಲ್ಕೈದು ಜಾಗ ಆರಿಸಿ. ಮೇಲಿನ ಕಸ ಸರಿಸಿ, ಇಳಿಜಾರು ಗೋಡೆಯ ಗುಂಡಿ ತೋಡಿ, ಆ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಅಂಗುಲ ದಪ್ಪದ ಪದರವನ್ನು ಕೆತ್ತಿ ತೆಗೆಯಿರಿ. ಹಣ್ಣಿನ ಮರಗಳ ಬೇರು ಆಳಕ್ಕೆ ಹೋಗುವುದರಿಂದ ಮೊದಲ 30 ಸೆಂಟಿಮೀಟರಿನ ಮಣ್ಣನ್ನು ಒಂದು ಕಡೆ, ಮುಂದಿನ 30 ಸೆಂಟಿಮೀಟರಿನದನ್ನು ಇನ್ನೊಂದು ಕಡೆ ಇಡಿ. ಒಂದೇ ಆಳದ, ಎಲ್ಲ ಜಾಗದ ಮಣ್ಣನ್ನೂ ಬೆರೆಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆಯಿರಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ. ನೆರಳಿನಲ್ಲಿ ಒಣಗಿಸಿ, ಶುಚಿಯಾದ ಬಟ್ಟೆ ಚೀಲದಲ್ಲಿ ತುಂಬಿ, ಆಳ, ದಿನಾಂಕ, ಮರದ ಹೆಸರು ಬರೆದ ಚೀಟಿಯನ್ನು ಒಳಗೊಂದು ಹೊರಗೊಂದು ಹಾಕಿ.

ಈ ಸಲ ಐದು ವಾರ ಕಾಯಬೇಕಾಯಿತು. ವರದಿ ಕೈಗೆ ಬಂದಾಗ ಅದು ನನ್ನ ಮೇಲಿನ ದೂರಿನ ಹಾಗೆ ಓದಿಸಿಕೊಂಡಿತು. ರಸಸಾರ (ಪಿಎಚ್) 8.1. ಸಾವಯವ ಇಂಗಾಲ ಹೆಚ್ಚು. ರಂಜಕ ಅತಿ ಹೆಚ್ಚು. ಸತು ಕಡಿಮೆ. ವಾರಕ್ಕೊಂದು ಬುಟ್ಟಿ ಬೂದಿ ಸುರಿದರೆ ಮಣ್ಣಿನ ಕ್ಷಾರ ಏರದೆ ಇನ್ನೇನಾಗುತ್ತದೆ? ಕೋಳಿ ಗೊಬ್ಬರದಲ್ಲಿ ರಂಜಕ ಧಾರಾಳ. ಮಣ್ಣಿನಲ್ಲಿ ರಂಜಕ ಮಿತಿಮೀರಿದರೆ ಗಿಡಕ್ಕೆ ಸತು ಸಿಗುವುದಿಲ್ಲ, ಕ್ಷಾರ ಹೆಚ್ಚಾದರೂ ಸಿಗುವುದಿಲ್ಲ. ಮೂಸಂಬಿಯ ಹಳದಿ ಎಲೆಯ ಕಾರಣ ಒಂದೇ ಹಾಳೆಯಲ್ಲಿತ್ತು. ಸತುವಿನ ಸಲ್ಫೇಟನ್ನು ಲೀಟರಿಗೆ 5 ಗ್ರಾಂನಂತೆ, ಎಲೆ ಸುಡದಿರಲು ಅದರ ಅರ್ಧದಷ್ಟು ಸುಣ್ಣ ಬೆರೆಸಿ, ಸೋಸಿ, ಹೊಸ ಚಿಗುರಿನ ಮೇಲೆ ಸಿಂಪಡಿಸಿದೆ. ಬೂದಿ, ಕೋಳಿ ಗೊಬ್ಬರ, ಯೂರಿಯಾ ಎಲ್ಲ ಬಂದ್. ಎರಡು ತಿಂಗಳಲ್ಲಿ ಮೂಸಂಬಿಯ ಹೊಸ ಎಲೆಗಳು ಕನ್ನಡಿಯಂತಾದವು.

ಕಾಯಿ ಮಾತ್ರ ಬರಲಿಲ್ಲ.

ಆ ಮಳೆಗಾಲದ ಕೊನೆಗೆ ನಮ್ಮ ದೊಡ್ಡಪ್ಪ ಬಂದಿದ್ದರು. ಜೀವನವಿಡೀ ತೋಟ ಮಾಡಿದವರು, ಈಗ ಕಣ್ಣು ಮಂಜಾಗಿದೆ. ಕಾಫಿ ಕುಡಿಯುವ ಮೊದಲೇ ಹಿತ್ತಿಲಿಗೆ ಹೋದರು. ಮೂಸಂಬಿಯ ಬುಡದಲ್ಲಿ ಕುಳಿತು, ಕೈಯಿಂದಲೇ ಮಣ್ಣು ಕೆದಕಿ, ಬೆರಳಿನಿಂದ ಕಾಂಡವನ್ನು ಸವರುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಬಾ ಮಗಳೇ. ಇದೇನು?"

ವರ್ಷಗಟ್ಟಲೆ ನಾನು ಸುರಿದ ಗೊಬ್ಬರ, ಬೂದಿಯ ಅಡಿಯಲ್ಲಿ ಹೂತುಹೋಗಿದ್ದ, ಹೆಬ್ಬೆರಳು ಗಾತ್ರದ ಒಣ ಮೋಟು. ಅದರ ಕುತ್ತಿಗೆಯನ್ನು ಇನ್ನೂ ಬಿಗಿದು ಹಿಡಿದಿದ್ದ ಪ್ಲಾಸ್ಟಿಕ್ ಪಟ್ಟಿ. ಆ ಮೋಟಿನ ಕೆಳಗಿನಿಂದ ಹೊರಟು ನನ್ನ ಏಳಡಿ ಎತ್ತರದ ಮುಳ್ಳಿನ ಮರ ನಿಂತಿತ್ತು.

"ನಿನ್ನ ಮೂಸಂಬಿ ಸತ್ತು ಐದು ವರ್ಷವಾಗಿದೆ. ಇದು ಅದರ ಬೇರುಸಸಿ, ಮೂಸಂಬಿಯನ್ನು ಕಸಿ ಕಟ್ಟಿದ್ದ ಕೆಳಗಿನ ಗಿಡ, ಕಾಡು ನಿಂಬೆಯ ಜಾತಿ. ಒಂದು ಎಲೆ ಹರಿದು ಮೂಸಿ ನೋಡು."

ಮೂಸಿದೆ. ನಿಂಬೆಯ ವಾಸನೆ, ಒರಟು. ಐದು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಒಂದು ಎಲೆಯನ್ನೂ ಕಿತ್ತು ಮೂಸಿರಲಿಲ್ಲ. ಕಸಿ ಕೂಡಿದ ಮೇಲೆ ಬಿಚ್ಚಬೇಕಿದ್ದ ಪಟ್ಟಿ, ಕಾಂಡ ದಪ್ಪವಾದಂತೆ ಅದರ ಕತ್ತು ಹಿಸುಕಿತ್ತು. ಮೇಲಿನ ಮೂಸಂಬಿ ಒಣಗಿ, ಕೆಳಗಿನ ಬೇರುಸಸಿ ಚಿಗುರಿತ್ತು. ಅದನ್ನೇ ನಾನು ಮನೆಮಂದಿಗೆಲ್ಲ ಕರೆದು ತೋರಿಸಿದ್ದು.

ಕಸಿ ಗಿಡ ಇಟ್ಟುಕೊಂಡವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಹೋಗಿ ಬುಡ ನೋಡಿ ಬನ್ನಿ. ಕಸಿ ಗಂಟು ಮಣ್ಣಿನಿಂದ ಮೇಲಿರಬೇಕು. ಪಟ್ಟಿ ಇದ್ದರೆ ಬ್ಲೇಡಿನಿಂದ ಸೀಳಿ ತೆಗೆಯಿರಿ. ಗಂಟಿನ ಕೆಳಗಿನಿಂದ ಬರುವ ಚಿಗುರು ಎಷ್ಟೇ ಚೆಂದವಿರಲಿ, ಎಳೆಯದಿರುವಾಗಲೇ ಬುಡದಿಂದ ಕಿತ್ತು ಹಾಕಿ. ಕತ್ತರಿಸಿದರೆ ಎರಡಾಗಿ ಬರುತ್ತದೆ.

ದೊಡ್ಡಪ್ಪ ಮಾವಿನ ಮರಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಪಾತಿಯ ಒದ್ದೆ ಮಣ್ಣನ್ನು ಉಂಡೆ ಕಟ್ಟಿ ನನ್ನ ಕೈಗಿಟ್ಟು, "ಮಳೆ ನಿಂತ ಮೇಲೆ ಇದಕ್ಕೆ ನೀರು ಯಾಕೆ ಕೊಡುತ್ತೀಯ?" ಎಂದರು.

"ಒಣಗುತ್ತದಲ್ಲ ದೊಡ್ಡಪ್ಪ?"

"ಒಣಗಲಿ. ಒಣಗಿದರೆ ತಾನೆ ಹೂ ಬಿಡುವ ಯೋಚನೆ ಮಾಡುವುದು! ನೀನು ದಿನಾ ಊಟ ಬಡಿಸುತ್ತಿದ್ದರೆ ಅದು ಎಲೆ ಬಿಟ್ಟುಕೊಂಡು ಆರಾಮವಾಗಿರುತ್ತದೆ."

ಇದರ ಹಿಂದಿನ ಕಾರ್ಯಕಾರಣ ಆಮೇಲೆ ಓದಿ ತಿಳಿದುಕೊಂಡೆ. ಮಾವಿನ ಹೂಗೊಂಚಲು ಬರುವುದು ಬಲಿತ ಕೊಂಬೆಯ ತುದಿಯಲ್ಲಿ. ಮಳೆ ಮುಗಿದ ಮೇಲೆ ಒಣಹವೆಯೂ ರಾತ್ರಿಯ ಚಳಿಯೂ ಸೇರಿ ಬೆಳವಣಿಗೆಯನ್ನು ತಡೆದಾಗ, ಆ ತುದಿಯ ಮೊಗ್ಗು ಹೂವಾಗುವ ಕಡೆಗೆ ತಿರುಗುತ್ತದೆ. ಅದೇ ಹೊತ್ತಿಗೆ ನೀರೂ ಸಾರಜನಕವೂ ಸಿಕ್ಕರೆ ಅದೇ ಮೊಗ್ಗು ಎಲೆಯಾಗುತ್ತದೆ. ನಾನು ಫೋಟೊ ತೆಗೆದ ತಾಮ್ರದ ಬಣ್ಣದ ಚಿಗುರು ಅಸಲಿಗೆ ನನ್ನ ಆ ವರ್ಷದ ಬೆಳೆ.

ಹೊರಡುವಾಗ ದೊಡ್ಡಪ್ಪ ಹೇಳಿದ ಇನ್ನೊಂದು ಕೆಲಸ ಬಹಳ ಸರಳ: ಬಿಸಿಲು ಎಣಿಸು. ಒಂದು ರಜಾದಿನ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಹಿತ್ತಿಲಿಗೆ ಹೋಗಿ, ಯಾವ ಮರದ ಮೇಲೆ ನೇರ ಬಿಸಿಲಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮಾವಿಗೆ ಸಿಗುತ್ತಿದ್ದದ್ದು ಮೂರೂವರೆ ಗಂಟೆ. ಹಣ್ಣಿನ ಮರಕ್ಕೆ ಆರು ಗಂಟೆಯಾದರೂ ಬೇಕು. ಅಡ್ಡ ನಿಂತಿದ್ದು ನೆರಳಿಗೆಂದು ನೆಟ್ಟ ಕಾಡುಬಾದಾಮಿ. ಅದರ ಕೆಳಗಿನ ಕಲ್ಲುಬೆಂಚು ನಮ್ಮ ಮನೆಯವರ ಪೇಪರ್ ಓದುವ ಜಾಗ. ಅದನ್ನು ಸವರುವ ಮಾತೆತ್ತಿದ್ದಕ್ಕೆ ನಾಲ್ಕು ದಿನ ಮನೆಯಲ್ಲಿ ಮೌನ. ಕೊನೆಗೆ ಎರಡು ದೊಡ್ಡ ಕೊಂಬೆ ಮಾತ್ರ ತೆಗೆಯುವುದು, ಬೆಂಚಿನ ನೆರಳು ಉಳಿಸುವುದು ಎಂದು ರಾಜಿಯಾಯಿತು. ಮರ ಹತ್ತುವವರು ಸಿಗಲು ಮೂರು ವಾರ. ಬರುತ್ತೇನೆಂದು ಹೇಳಿ ಬಾರದವರು ಇಬ್ಬರು. ಒಂಬತ್ತು ವರ್ಷದಲ್ಲಿ ಒಂದೇ ದಿನಕ್ಕೆ ಅತಿ ಹೆಚ್ಚು ಖರ್ಚಾದದ್ದು ಆ ಕೊಂಬೆಗಳಿಗೆ. ಅದರಷ್ಟು ಫಲ ಕೊಟ್ಟ ಖರ್ಚೂ ಇನ್ನೊಂದಿಲ್ಲ. ಈಗ ಮಾವಿಗೆ ಆರೂವರೆ ಗಂಟೆ ಬಿಸಿಲು.

ಸೀಬೆಯದು ಅರ್ಧ ದಿನದ ಕೆಲಸ. ಅದು ಮಾವಿಗೆ ತದ್ವಿರುದ್ಧ: ಹೂ ಬಿಡುವುದು ಹೊಸ ಚಿಗುರಿನಲ್ಲಿ. ಸವರದೆ ಬಿಟ್ಟರೆ ಹೊಸ ಚಿಗುರು ತುದಿಯಲ್ಲಷ್ಟೇ ಬರುತ್ತದೆ, ಕಾಯಿಯೂ ತುದಿಯಲ್ಲೇ. ಎತ್ತರವನ್ನು ಅರ್ಧಕ್ಕಿಳಿಸಿ, ಪ್ರತಿ ಕೊಂಬೆಯ ಮೂರನೇ ಒಂದು ಭಾಗ ಕತ್ತರಿಸಿ, ನೆಟ್ಟಗೆ ಮೇಲೇರುತ್ತಿದ್ದ ನಾಲ್ಕು ಕೊಂಬೆಗಳನ್ನು ಹಗ್ಗ ಕಟ್ಟಿ ಬಾಗಿಸಿ ಗೂಟಕ್ಕೆ ಬಿಗಿದೆ. ಬಾಗಿಸಿದ ಕೊಂಬೆಯುದ್ದಕ್ಕೂ ಚಿಗುರು, ಚಿಗುರಿನ ಎಲೆಬುಡದಲ್ಲೆಲ್ಲ ಮೊಗ್ಗು. ಆಮೇಲೆ ಸೀಬೆಯ ಬಗ್ಗೆ ನಾನು ಯೋಚಿಸಿಯೇ ಇಲ್ಲ. ಆದರೆ ಆ ಉತ್ಸಾಹದಲ್ಲಿ ಅದೇ ದಿನ ಮಾವಿಗೂ ಕತ್ತರಿ ಹಾಕಬೇಡಿ. ಮಾವನ್ನು ಸವರುವುದಾದರೆ ಕಾಯಿ ಇಳಿಸಿದ ಕೂಡಲೇ. ತಡವಾದರೆ ಹೂ ಬರಬೇಕಾದ ಬಲಿತ ತುದಿಗಳನ್ನೇ ಕತ್ತರಿಸಿದಂತಾಗುತ್ತದೆ.

ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿದೆ. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಆಮೇಲೆ ಎರಡನ್ನೂ ಬೆರೆಸುವುದು. ಪ್ಲಾಸ್ಟಿಕ್ ಇಲ್ಲವೆ ಮಣ್ಣಿನ ಪಾತ್ರೆಯಲ್ಲೇ ಮಾಡಿ. ನಾನು ಕಬ್ಬಿಣದ ಬಕೆಟ್ಟಿನಲ್ಲಿ ಮಾಡಿ ಬಕೆಟ್ ಕಳೆದುಕೊಂಡೆ.

ಎಂಟನೆಯ ವರ್ಷ ಮಳೆ ನಿಂತ ಮೇಲೆ ಮಾವಿಗೆ ನೀರು ನಿಲ್ಲಿಸಿದೆ. ಹೇಳಲು ಒಂದು ವಾಕ್ಯ, ಮಾಡಲು ಎರಡೂವರೆ ತಿಂಗಳು. ಮಧ್ಯಾಹ್ನ ಎಲೆಗಳು ಸ್ವಲ್ಪ ಜೋತಾಗ ಕೈಯಲ್ಲಿ ಪೈಪು ಹಿಡಿದು ನಿಂತು, ಮತ್ತೆ ವಾಪಸು ಇಟ್ಟು ಬಂದದ್ದು ಎಷ್ಟು ಸಲವೋ. ಪಾತಿಯ ಮಣ್ಣು ಬಿರುಕು ಬಿಟ್ಟಿತು. ಎಳೆಯ ಮರಗಳಿಗೆ ಈ ಪ್ರಯೋಗ ಬೇಡ. ಚೆನ್ನಾಗಿ ಬೇರೂರಿ ನಾಲ್ಕೈದು ವರ್ಷ ದಾಟಿದ ಮರಕ್ಕಷ್ಟೇ. ಆ ಚಳಿಗಾಲದಲ್ಲಿ ಹೂ ಬಂತು, ಸಾಧಾರಣವಾಗಿ. ಈ ಸಲ ಗೊಂಚಲು ನೀಳವಾಗುತ್ತಿದ್ದಂತೆಯೇ, ಹೂ ಅರಳುವ ಮೊದಲೇ, ಬೂದಿರೋಗ ಬಾರದಿರಲೆಂದು ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆಳಗಿನ ತಂಪಿನಲ್ಲಿ ಸಿಂಪಡಿಸಿದೆ. ಹೂ ಅರಳಿದ ಮೇಲೆ ಯಾವುದನ್ನೂ ಸಿಂಪಡಿಸಲಿಲ್ಲ. ನೊಣಗಳು ಬಂದವು, ಮೊದಲ ಬಾರಿಗೆ ಅವುಗಳನ್ನು ನೋಡಿ ಸಮಾಧಾನವಾಯಿತು. ಮಿಡಿಗಳು ಕಡಲೆಕಾಳಿನ ಗಾತ್ರಕ್ಕೆ ಬಂದ ಮೇಲೆ ನೀರನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಆರಂಭಿಸಿದೆ. 14 ಕಾಯಿ ನಿಂತವು.

ಮಿಡಿ ಉದುರುವುದನ್ನು ಕಂಡು ನಿದ್ದೆಗೆಡುವವರಿಗೆ ಒಂದು ಮಾತು. ಮಾವಿನ ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮೀರಿ ಹೂಗಳಿರುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಗಂಡು ಹೂ. ನೂರಕ್ಕೆ ಒಂದು ಕೂಡ ಮಾಗುವ ತನಕ ಉಳಿಯುವುದಿಲ್ಲ. ಗೊಂಚಲಿಗೊಂದು ಕಾಯಿ ನಿಂತರೆ ಅದೇ ಸುಗ್ಗಿ. ಕಳೆದ ತಿಂಗಳು ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ನಮ್ಮ ಹಲಸಿನ ಎಳೆಕಾಯಿಯೆಲ್ಲ ಕಪ್ಪಾಗಿ ಬೀಳುತ್ತಿದೆ" ಎಂದು ಅಳುವ ದನಿಯಲ್ಲಿ ಹೇಳಿದಳು. ಕೊಂಬೆಯ ತುದಿಯಲ್ಲಿ, ಸಣ್ಣ ತೊಟ್ಟಿನಲ್ಲಿ ಬೆರಳಿನಂತೆ ಇದ್ದವೇ ಬಿದ್ದದ್ದು ಎಂದು ಕೇಳಿದೆ. ಹೌದಂತೆ. ಅವು ಗಂಡು ಹೂಗೊನೆಗಳು, ಪರಾಗ ಉದುರಿಸಿ ಬೀಳುವುದೇ ಅವುಗಳ ಕೆಲಸ. ಕಾಂಡದ ಮೇಲೆ ದಪ್ಪ ತೊಟ್ಟಿನಲ್ಲಿರುವವು ನಿಂತಿವೆಯೇ ನೋಡು ಎಂದೆ. ನಿಂತಿದ್ದವು.

ಈಗ ಸೀತಾಫಲ. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಸೀತಾಫಲದ ಹೂವನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಮೂರು ದಪ್ಪ ಎಸಳು, ಹಸಿರು ಮಿಶ್ರಿತ ಹಳದಿ, ತಲೆತಗ್ಗಿಸಿ ನೇತಾಡುತ್ತದೆ. ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ, ಆದರೆ ಎರಡೂ ಒಟ್ಟಿಗೆ ಎಚ್ಚರವಿರುವುದಿಲ್ಲ. ಮೊದಲು ಎಸಳಿನ ತುದಿ ಸ್ವಲ್ಪವೇ ಬಿಚ್ಚಿಕೊಂಡಿರುವಾಗ ಹೆಣ್ಣು. ಒಳಗಿನ ಸಣ್ಣ ಶಂಕು ಎಣ್ಣೆ ಹಚ್ಚಿದಂತೆ ಅಂಟಂಟಾಗಿ ಹೊಳೆಯುತ್ತದೆ. ಮುಂದಿನ ಹೊತ್ತಿಗೆ ಎಸಳುಗಳು ಪೂರ್ತಿ ಅಗಲಿಸಿ, ಶಂಕು ಒಣಗಿ, ಸುತ್ತಲಿನ ಕೇಸರಗಳು ಕಂದು ಬಣ್ಣಕ್ಕೆ ತಿರುಗಿ ಸಡಿಲವಾಗುತ್ತವೆ, ಆಗ ಗಂಡು. ಪರಾಗ ಬಿಡುವ ಹೊತ್ತಿಗೆ ಅದನ್ನು ಹಿಡಿಯುವ ಜಾಗ ಒಣಗಿ ಹೋಗಿರುತ್ತದೆ. ಈ ಹೂವಿನಿಂದ ಆ ಹೂವಿಗೆ ಪರಾಗ ಸಾಗಿಸುವವು ಎಸಳಿನೊಳಗೆ ನುಸುಳುವ ಸಾಸಿವೆಗಾತ್ರದ ದುಂಬಿಗಳು. ಬಿದ್ದ ಎಲೆ, ಕೊಳೆತ ಹಣ್ಣು ಒಂದೂ ಉಳಿಯದಂತೆ ಗುಡಿಸಿ ಚೊಕ್ಕಟವಾಗಿಟ್ಟ ನನ್ನ ಹಿತ್ತಿಲಿನಲ್ಲಿ ಅವು ಎಲ್ಲಿಂದ ಬರಬೇಕು?

ಸಂಜೆ ಪೂರ್ತಿ ಬಿರಿದ ಹತ್ತು ಹೂ ಕಿತ್ತು ಕಾಗದದ ಕವರಿನಲ್ಲಿ ಹಾಕಿ ಅಡುಗೆಮನೆಯ ತಂಪಾದ ಮೂಲೆಯಲ್ಲಿಟ್ಟೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಪರಾಗ ಮುದ್ದೆಯಾಗುತ್ತದೆ. ನನ್ನ ಮೊದಲ ಸಂಜೆಯದು ಹಾಗೆಯೇ ಹಾಳಾಯಿತು. ಬೆಳಿಗ್ಗೆ ಆರೂವರೆಗೆ ಕವರನ್ನು ಅಲುಗಿಸಿದಾಗ ಕೇಸರಗಳೂ ಹಳದಿ ಮಿಶ್ರಿತ ಬಿಳಿ ಹುಡಿಯೂ ತಳದಲ್ಲಿ ಉದುರಿದ್ದವು. ಮಗಳು ಚಿತ್ರ ಬರೆಯುತ್ತಿದ್ದ ಹಳೆಯ ಕುಂಚದ ತುದಿಯಲ್ಲಿ ಅದನ್ನು ತೆಗೆದುಕೊಂಡು, ಅರೆಬಿರಿದ ಹೂವಿನ ಎಸಳುಗಳನ್ನು ಎರಡು ಬೆರಳಿನಲ್ಲಿ ಅಗಲಿಸಿ, ಹೊಳೆಯುವ ಶಂಕುವಿನ ಸುತ್ತ ಕುಂಚವನ್ನು ಎರಡು ಸುತ್ತು ತಿರುಗಿಸಿದೆ. ಒಂದು ಕಡೆ ಮುಟ್ಟಿಸಿ ಬಿಟ್ಟರೆ ಸಾಲದು. ಸೀತಾಫಲದ ಒಂದೊಂದು ಕಣ್ಣೂ ಒಂದೊಂದು ಅಂಡಕೋಶದಿಂದ ಆಗುವುದು. ಪರಾಗ ಬೀಳದ ಕಡೆ ಉಬ್ಬುವುದಿಲ್ಲ. ನಮ್ಮ ಸೊಟ್ಟ ಕಾಯಿಗಳ ಗುಟ್ಟು ಇಷ್ಟೇ. ಮುಗಿದ ಹೂವಿನ ತೊಟ್ಟಿಗೆ ಕೆಂಪು ನೂಲು ಕಟ್ಟಿದೆ. ಹವೆ ತೀರ ಒಣಗಿದ್ದರೆ ಶಂಕು ಬೇಗ ಒಣಗುತ್ತದೆಂದು, ಕುಂಚ ಹಿಡಿಯುವ ಮೊದಲು ಬುಡಕ್ಕೆ ನೀರು ಚಿಮುಕಿಸುತ್ತಿದ್ದೆ.

ಹನ್ನೆರಡು ಬೆಳಗುಗಳಲ್ಲಿ 40 ಹೂ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ, "ಹೂವಿಗೂ ಬಣ್ಣ ಹಚ್ಚುತ್ತಿದ್ದೀರಾ?" ಎಂದು ಕೇಳಿದರು. ವಾರ ಕಳೆದ ಮೇಲೆ ನೂಲು ಕಟ್ಟಿದ 26 ತೊಟ್ಟು ಹಸಿರಾಗಿ ನಿಂತಿದ್ದವು. ನೂಲು ಕಟ್ಟದ ಹೂಗಳಲ್ಲಿ ಉಳಿದದ್ದು ಎರಡು. ನಾಲ್ಕು ತಿಂಗಳ ನಂತರ 19 ಹಣ್ಣು ಸಿಕ್ಕವು, ಎಲ್ಲವೂ ದುಂಡಗೆ. ಮೊದಲನೆಯದನ್ನು ಕಾಂಪೌಂಡಿನಾಚೆಗೆ ಕೊಟ್ಟೆ, ಕೆಂಪು ನೂಲಿನ ಸಮೇತ.

ಒಂಬತ್ತನೆಯ ವರ್ಷ, ಅಂದರೆ ಈ ವರ್ಷ, ಮಾವಿನ ಲೆಕ್ಕವನ್ನು ಆಗಲೇ ಹೇಳಿದ್ದೇನೆ. ಕಾಯಿ ಮುಗಿದ ಕೂಡಲೇ ಒಳಗೆ ಒಂದಕ್ಕೊಂದು ಉಜ್ಜುತ್ತಿದ್ದ ಕೊಂಬೆಗಳನ್ನು ತೆಗೆದು, ಕೊಟ್ಟಿಗೆ ಗೊಬ್ಬರವನ್ನು ಬುಡದಿಂದ ದೂರ ಸುತ್ತಲೂ ಹಾಕಿದ್ದೇನೆ. ವರ್ಷಕ್ಕೆ ಒಂದೇ ಸಲ. ಮುಂದಿನ ವರ್ಷ ಹೂ ಕಡಿಮೆ ಬಂದರೆ ಗಾಬರಿಯಾಗಬಾರದೆಂದು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಮಾವಿನ ಬಹಳಷ್ಟು ತಳಿಗಳು ಒಂದು ವರ್ಷ ಬಿಟ್ಟು ಒಂದು ವರ್ಷ ಹೆಚ್ಚು ಫಲ ಕೊಡುವಂಥವು. ಆ ಗಾಬರಿಯಲ್ಲಿ ಯೂರಿಯಾ ತರಲು ಹೊರಡುವ ನನ್ನನ್ನು ನಾನೇ ತಡೆಯಬೇಕಲ್ಲ.

ಮುಳ್ಳಿನ ಮರವನ್ನು ಕಡಿಸಿದೆ. ಐದು ವರ್ಷ ಸಾಕಿದ್ದಕ್ಕೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಅಲ್ಲಿಂದ ಹತ್ತಡಿ ಆಚೆ, ಬಿಸಿಲಿನಲ್ಲಿ, ಹೊಸ ಮೂಸಂಬಿ ಕಸಿ ನೆಟ್ಟಿದ್ದೇನೆ. ಈ ಸಲ ಆರಿಸಿದ್ದು ಗಿಡ್ಡನೆಯ, ಸಣ್ಣ ಚೀಲದ ಗಿಡ. ಕಸಿ ಗಂಟು ಮಣ್ಣಿನಿಂದ ಗೇಣು ಮೇಲಿದೆ. ನಿನ್ನೆ ಬೆಳಿಗ್ಗೆ ನೋಡಿದರೆ ತುದಿಯಲ್ಲಿ ಎರಡು ಬಿಳಿ ಮೊಗ್ಗು. ಮನೆಯವರು ಬೆಂಚಿನಿಂದ ಎದ್ದು ಬಂದು, "ಅಯ್ಯೋ, ಆಗಲೇ ಹೂ!" ಎಂದರು. ಎರಡನ್ನೂ ಚಿವುಟಿ ಹಾಕಿ, ಬ್ಲೇಡು ಕೊಡಿ ಎಂದು ಕೈ ಚಾಚಿದೆ. ಪಟ್ಟಿ ಬಿಚ್ಚುವುದಿತ್ತು.